ಕೋಲ್ಡ್ ಸ್ಟೋರಿನ ಶಿಖರ

ಐದನೇ ತರಗತಿಯಲ್ಲಿದ್ದ ನನ್ನ ಮಗಳು ಶಾಲೆಯ ಚಿಕ್ಕ ಮಕ್ಕಳಿಗೆ ಅಂಟಾರ್ಕ್ಟಿಕಾದ ಒಂದು ಶಿಖರದ ಬಗ್ಗೆ ಹೇಳಬೇಕಿತ್ತು. ಪೆಂಗ್ವಿನ್ ಕೂಡ ಸುಳಿಯದಷ್ಟು ಒಳನಾಡಿನ ಶಿಖರ. ಅಲ್ಲಿ ಎಷ್ಟು ಚಳಿ ಎಂದು ಮಕ್ಕಳು ಕೇಳಿದರೆ ಏನು ಹೇಳಲಿ ಎಂದು ವಾರವಿಡೀ ನನ್ನ ಜೀವ ತಿಂದಳು. ಮಸ್ಕತ್ತಿನಲ್ಲಿ ಹುಟ್ಟಿದವಳು, ಅವಳಿಗೆ ಚಳಿ ಎಂದರೆ ಎಸಿ.

ನಾನು ಊರಾಚೆಯ ಕೈಗಾರಿಕಾ ಪ್ರದೇಶ ರುಸೈಲಿನಲ್ಲಿ ಮೀನಿನ ಕೋಲ್ಡ್ ಸ್ಟೋರಿನ ಸೂಪರ್‌ವೈಸರ್. ಒಳಗೆ ಹೋಗುವವರು ತಮ್ಮ ಹೆಸರಿನ ಬಿಲ್ಲೆಯನ್ನು ಬಾಗಿಲ ಪಕ್ಕದ ಮೊಳೆಗೆ ಹಾಕಬೇಕು, ಒಳಗೆ ಯಾರಿದ್ದಾರೆಂದು ಹೊರಗಿನವರಿಗೆ ತಿಳಿಯಲಿಕ್ಕೆ. ಮರೆತವರ ಗ್ರಹಚಾರ ಬಿಡಿಸುತ್ತಿದ್ದೆ, ಮನೆಗೆ ಬಂದು ಅದನ್ನೇ ಕೊಚ್ಚಿಕೊಳ್ಳುತ್ತಿದ್ದೆ.

ಒಂದು ಶುಕ್ರವಾರ, ರಜೆಯ ದಿನ, ಮಗಳನ್ನು ಕದ್ದು ಕರೆದೊಯ್ದೆ. ಮಕ್ಕಳನ್ನು ಒಳಗೆ ಬಿಡುವಂತಿಲ್ಲ. ಯಾರಿಗಾದರೂ ಗೊತ್ತಾದೀತೆಂದು ಬಿಲ್ಲೆಯನ್ನು ಜೇಬಿನಲ್ಲೇ ಇಟ್ಟುಕೊಂಡೆ. ಅವಳು ಚಪ್ಪಲಿ ಹೊರಗೆ ಬಿಟ್ಟು ನನ್ನ ಹಳೆಯ ಬೂಟು, ಜಾಕೆಟ್ ಹಾಕಿಕೊಂಡಳು.

ಒಳಗೆ ಮೈನಸ್ ಇಪ್ಪತ್ತು. ಮಾಡಿನವರೆಗೆ ಮೀನಿನ ಪೆಟ್ಟಿಗೆಗಳ ರಾಶಿ. ಅದೇ ತನ್ನ ಶಿಖರ ಎಂದಳು. ಎರಡು ನಿಮಿಷ ಬಿಟ್ಟು ಹೊರಡಲು ಬಾಗಿಲ ಹಿಡಿ ಒತ್ತಿದೆ. ಹಿಮ ಕಟ್ಟಿ ಕಚ್ಚಿಕೊಂಡಿತ್ತು, ಕದಲಲಿಲ್ಲ. ಭುಜ ಕೊಟ್ಟು ನೂಕಿದೆ. ಅಪಾಯದ ಗಂಟೆಯ ಗುಂಡಿ ಒತ್ತಿದರೆ ಸದ್ದಿಲ್ಲ, ಫೋನಿಗೆ ಸಿಗ್ನಲ್ ಇಲ್ಲ. ಗುದ್ದಿ ಗುದ್ದಿ ಕೈ ಸೋತು ಒಂದು ಪೆಟ್ಟಿಗೆಯ ಮೇಲೆ ಕೂತುಬಿಟ್ಟೆ. ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಮಗಳು ಆಗ ಕನ್ನಡದಲ್ಲಿ ಹೇಳಿದಳು.

"ಪಪ್ಪ, ಕೂತ್ಕೊಳ್ಬೇಡಿ. ಶಿಖರದಲ್ಲಿ ಕೂತವರಿಗೆ ನಿದ್ದೆ ಬರ್ತದಂತೆ."

ಕೈ ಹಿಡಿದು ರಾಶಿಯ ಸುತ್ತ ನಡೆಸಿದಳು. ಹತ್ತುವವರು ಮಾತಾಡುತ್ತಲೇ ಇರಬೇಕಂತೆ, ಅದಕ್ಕೆ ತನ್ನ ಪಾಠವನ್ನೆಲ್ಲ ಒಪ್ಪಿಸಿದಳು: ಗಾಳಿ, ಹಗ್ಗ, ತಿಂಗಳುಗಟ್ಟಲೆ ಮುಳುಗದ ಸೂರ್ಯ. ಮೂರನೇ ಸಲ ಹೇಳುವಾಗ ನಾಲಿಗೆ ತೊದಲುತ್ತಿತ್ತು, ತುಟಿ ನೀಲಿಯಾಗಿತ್ತು. ನನ್ನ ಜಾಕೆಟನ್ನೂ ಅವಳಿಗೆ ಹೊದೆಸಿದೆ. ಅಷ್ಟು ಹೆದರಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ.

ಕೊನೆಗೆ ಬಾಗಿಲು ತೆರೆದವನು ಫೋರ್ಕ್‌ಲಿಫ್ಟ್ ಓಡಿಸುವ ಪಠಾಣ. ಹಿಂದಿನ ದಿನ ಮರೆತುಹೋದ ಟಿಫಿನ್ ಡಬ್ಬಿ ಒಯ್ಯಲು ಬಂದಿದ್ದನಂತೆ. ಮೊಳೆ ಖಾಲಿಯಿತ್ತು, ಆದರೆ ಪುಟ್ಟ ಚಪ್ಪಲಿ ಕಂಡವು ಎಂದ.

ಮೂವರೂ ಉರಿಬಿಸಿಲಲ್ಲಿ ಕೂತೆವು. ಕಾರಿನ ಕೀಗಾಗಿ ಜೇಬಿಗೆ ಕೈ ಹಾಕಿದಾಗ ಬಿಲ್ಲೆ ನೆಲಕ್ಕೆ ಬಿತ್ತು. ಮಗಳು ಎತ್ತಿಕೊಂಡು ನೋಡಿದಳು.

"ಪಪ್ಪ, ಇದು ನಿಮ್ಮ ಜೇಬಲ್ಲಿ ಯಾಕಿತ್ತು?"

ಹಿಂದಿನ ತಿಂಗಳು ಎಲ್ಲರೆದುರು ನಿಲ್ಲಿಸಿ ನಾನು ಆ ಪಠಾಣನಿಗೆ ಕೇಳಿದ್ದೂ ಇದೇ ಪ್ರಶ್ನೆ. ಅವನು ಮೆಲ್ಲನೆ ಮುಖ ಆಚೆ ತಿರುಗಿಸಿಕೊಂಡ.