ಗೀರು ಬೀಳದ ಮಗ್ಗುಲು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಂಗಾರಪೇಟೆ ಸ್ಟೇಷನ್ನಿನಲ್ಲಿ ಮಾರಿಕುಪ್ಪಂ ಗಾಡಿಗೆ ಕಾದವರೆಲ್ಲ ತೂಕಡಿಸುತ್ತಿದ್ದರೆ, ಒಬ್ಬ ಹೆಂಗಸು ಮಾತ್ರ ಕುಕ್ಕರಗಾಲಲ್ಲಿ ಕೂತು ಮರದ ಹಲಗೆಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಹಿಡಿದು ಬೆರಳ ಗೆಣ್ಣಿನಿಂದ ಬಡಿದು ನೋಡುತ್ತಿದ್ದಾಳೆ. ಒಂದನ್ನು ಬಡಿದು ತಲೆಯಾಡಿಸುತ್ತಾಳೆ, ಇನ್ನೊಂದನ್ನು ಬಡಿದು ಮುಖ ಸಿಂಡರಿಸಿ ಪಕ್ಕಕ್ಕಿಡುತ್ತಾಳೆ. ಇದನ್ನು ನೋಡಿದರೆ ಹಾಲಿನ ಸೀನಪ್ಪನಿಗೆ ದಿನವೂ ಬಾಯಿ ತುರಿಸುತ್ತದೆ.

"ಏನಮ್ಮೋ, ಅಲಗೆಗೆ ಜರ ಬಂದೈತಾ? ನಾಡಿ ಇಡ್ಕೊಂಡು ಕುಂತಿದೀಯ?"

"ನಿನ್ ತಲೆ ಇತ್ಲಾಗ್ ತಾರ್ಲಾ. ಅದ್ನೂ ಬಡ್ದು ಗಟ್ಟಿನೋ ಟೊಳ್ಳೋ ಯೋಳ್ತೀನಿ."

ತೂಕಡಿಸುತ್ತಿದ್ದವರೂ ಎದ್ದು ನಗುತ್ತಾರೆ. ಆಕೆ ನಗುವುದಿಲ್ಲ. ಹಲಗೆಗಳನ್ನು ಹಳೇ ಸೀರೆಯಲ್ಲಿ ಗಂಟು ಕಟ್ಟಿ, ತಲೆಗೆ ಸಿಂಬೆ ಇಟ್ಟು, ಗಾಡಿ ಬರುವ ಮೊದಲೇ ಪ್ಲಾಟ್‌ಫಾರಮ್ಮಿನ ಅಂಚಿಗೆ ಬಂದು ನಿಲ್ಲುತ್ತಾಳೆ.

ಈಕೆ ಮುನಿಶಾಮಮ್ಮ. ಬಂಗಾರಪೇಟೆಗೆ ಒಂದು ಹರದಾರಿ ದೂರದ ಹಳ್ಳಿಯವಳು. ಅಡುಗೆಮನೆಗೆ ತರಕಾರಿ ಹೆಚ್ಚುವ ಹಲಗೆ ಮಾರುವುದು, ಹಳೇ ಹಲಗೆ ಕೆರೆದು ಎಣ್ಣೆ ಕುಡಿಸುವುದು ಈಕೆಯ ಕಸುಬು. ನಮ್ಮ ನಿಮ್ಮ ಮನೆಗಳಲ್ಲಿ ಈಳಿಗೆಮಣೆ ಒಂದಿದ್ದರೆ ಸಂಸಾರ ಸಾಗುತ್ತದೆ. ಆದರೆ ಚಿನ್ನದ ಗಣಿಯ ಬಿಳಿಯರ ಬಂಗಲೆಗಳಲ್ಲಿ ನಿಂತು ಅಡುಗೆ ಮಾಡುವವರಿಗೆ, ಮಾಂಸದೂಟದ ಹೋಟೆಲಿನವರಿಗೆ ಹಲಗೆಯಿಲ್ಲದೆ ಕೈ ಆಡುವುದಿಲ್ಲ. ಮಾರಿಕುಪ್ಪದಿಂದ ಕೋರಮಂಡಲಿನವರೆಗೆ ಬೆಳಗ್ಗೆ ಈರುಳ್ಳಿ ಹೆಚ್ಚುವ ಸದ್ದು ಎಲ್ಲೆಲ್ಲಿ ಕೇಳುತ್ತದೋ ಅಲ್ಲೆಲ್ಲ ಮುನಿಶಾಮಮ್ಮನ ಕೈಯಿದೆ. ಗಣಿಯ ಚಿನ್ನ ಹಡಗು ಹತ್ತಿ ಸೀಮೆಗೆ ಹೋಗುತ್ತದೆ. ಈಕೆಯ ಹೆಸರು ಕೋರಮಂಡಲಿನ ಬೇಲಿಯನ್ನೂ ದಾಟಿಲ್ಲ.

ಹಲಗೆಗೆ ಹುಣಸೆಯೇ ಆಗಬೇಕು, ಅದೂ ಮುದಿ ಮರ. ಕಡಿದ ತುಂಡಿನ ಎರಡೂ ತುದಿಗೆ ಸಗಣಿ ಮೆತ್ತಿ ನೆರಳಲ್ಲಿ ಮಲಗಿಸುತ್ತಾಳೆ, ಇಲ್ಲವಾದರೆ ತುದಿ ಮೊದಲು ಒಣಗಿ ಸೀಳುತ್ತದೆ. ಆಮೇಲೆ ಮೈದುನ ಕೋದಂಡಪ್ಪ ಗರಗಸ ಹಿಡಿದು ಕುಯ್ದುಕೊಡುತ್ತಾನೆ. ಕುಯ್ದ ಹಲಗೆಯನ್ನು ರಾಗಿಹುಲ್ಲಿನ ಮೆದೆಯೊಳಗೆ ಹುದುಗಿಸಿ ಒಂದು ಮಳೆಗಾಲ, ಒಂದು ಚಳಿಗಾಲ ಮರೆತುಬಿಡಬೇಕು. "ಮೆದೆ ಒಳ್ಗೆ ಮರ ನಿದ್ದೆ ಮಾಡ್ತದೆ. ನಿದ್ದೆ ಆಗ್ದಿರೋ ಮರ ಮನೆಗೆ ಬಂದ್ಮೇಲೆ ಒಳ್ಳಾಡ್ತದೆ, ಸೊಟ್ಟ ಆಯ್ತದೆ," ಎನ್ನುತ್ತಾಳೆ.

ಕೊಳ್ಳಲು ಬಂದವರಿಗೂ ಉಪಚಾರದ ಮಾತಿಲ್ಲ. "ಮೊಕ ನೋಡ್ಬೇಡಿ, ಅಂಚು ನೋಡಿ. ಗಂಟು ಇದ್ರೆ ಬ್ಯಾಡ. ಬಡಿದ್ರೆ ಸದ್ದು ತುಂಬ್ಕೊಂಡು ಬರ್ಬೇಕು. ಕತ್ತಿ ಇಟ್ರೆ ಕತ್ತಿಗೂ ನೋವಾಗ್ಬಾರ್ದು, ಮರಕ್ಕೂ ನೋವಾಗ್ಬಾರ್ದು." ಬಂಗಲೆಗಳ ಅಡುಗೆಯವರಿಗೆ ಇದೆಲ್ಲ ಬಾಯಿಪಾಠ. ಆದರೂ ಹಲಗೆಯನ್ನು ತೊಟ್ಟಿಯಲ್ಲಿ ನೆನೆಹಾಕಿ, ಆಮೇಲೆ ಹಪ್ಪಳದಂತೆ ಬಿಸಿಲಿಗಿಡುವವರು ಇದ್ದೇ ಇದ್ದಾರೆ. ಅಂಥವರನ್ನು ಕಂಡರೆ ಮುನಿಶಾಮಮ್ಮನ ನಾಲಿಗೆಗೆ ಲಗಾಮಿಲ್ಲ. "ಅಲಗೇನ ಬಾಣಂತಿ ನೋಡ್ಕೊಂಡಂಗೆ ನೋಡ್ಕೋಬೇಕು ಕಣಯ್ಯ. ನೀರಲ್ಲಿ ನೆನೀಬಾರ್ದು, ಬಿಸ್ಲಿಗೆ ಬೀಳ್ಬಾರ್ದು, ಎಣ್ಣೆ ತಪ್ಪಬಾರ್ದು." ಬೈದು ಮುಗಿಸಿ ಜಗಲಿಯಲ್ಲಿ ಕೂತು, ಒಡೆದ ಸೋಡಾ ಬಾಟಲಿಯ ಚೂರಿನಿಂದ ಹಲಗೆಯ ಮೇಲ್ಮೈ ಕೆರೆಯುತ್ತಾಳೆ. ಉಪ್ಪು, ನಿಂಬೆಹೋಳು ಹಾಕಿ ಉಜ್ಜುತ್ತಾಳೆ. ಒರೆಸಿ ಆರಿದ ಮೇಲೆ ಹುಚ್ಚೆಳ್ಳೆಣ್ಣೆ ತಿಕ್ಕಿ, ಗೋಡೆಗೆ ಒರಗಿಸಿ ನಿಲ್ಲಿಸುತ್ತಾಳೆ. ಗಾಜು ತಾಗಿ ಎರಡೂ ಹೆಬ್ಬೆರಳು ಹಳೇ ಹಲಗೆಯ ಹಾಗೇ ಗೀರುಗೀರಾಗಿವೆ.

ವಾರದ ಸುತ್ತಿನಲ್ಲಿ ಆಕೆ ಕೊನೆಗೆ ಉಳಿಸಿಕೊಳ್ಳುವುದು ಒಂದೇ ಮನೆ. ಕೋರಮಂಡಲಿನ ಕೆಂಪು ಹೆಂಚಿನ ಬಂಗಲೆ. ಅಲ್ಲಿ ಅಡುಗೆ ಮಾಡುವವಳು ಮಾರಿಯಮ್ಮ, ತಮಿಳಿನವಳು, ಮುನಿಶಾಮಮ್ಮನಿಗಿಂತ ನಾಲ್ಕಾರು ವರ್ಷ ಚಿಕ್ಕವಳು. ಆ ಮನೆಯ ಹಲಗೆಗೆ ಮುನಿಶಾಮಮ್ಮ ಕೂಲಿ ತೆಗೆದುಕೊಳ್ಳುವುದಿಲ್ಲ. ಅದು ಆಕೆಯ ಗಂಡ ಮಾಡಿದ ಹಲಗೆ.

ಗಂಡ ಚಿಕ್ಕಮುನಿಯಪ್ಪ ಗಣಿಯೊಳಗೆ ಮರದ ಆಸರೆ ಕಟ್ಟುವ ಕೆಲಸಕ್ಕಿದ್ದವನು. ಮದುವೆಯಾದ ಹೊಸತರಲ್ಲಿ ಈಳಿಗೆಯಲ್ಲಿ ಸೊಪ್ಪು ಹೆಚ್ಚಲು ಹೋಗಿ ಹೆಂಡತಿ ಬೆರಳು ಕುಯ್ದುಕೊಂಡಳು. ಬಂಗಲೆಯವರ ಹಾಗೆ ನಿನಗೂ ಒಂದು ಹಲಗೆ ಮಾಡಿಕೊಡುತ್ತೇನೆ ಎಂದ. ಹೊಲದ ಬದುವಿನಲ್ಲಿ ಗಾಳಿಗೆ ಬಿದ್ದಿದ್ದ ಹುಣಸೆಯನ್ನು ಕುಯ್ದ, ಬಾಚಿಯಲ್ಲಿ ಕೆತ್ತಿದ. ಒಂದು ಮೂಲೆಯಲ್ಲಿ ಬಾಚಿ ಜಾರಿ ಹಳ್ಳ ಬಿತ್ತು. "ನಿನ್ ಬೆಳ್ಳಲ್ಲೂ ಗಾಯ, ಇದ್ರಲ್ಲೂ ಗಾಯ, ಸರಿಓಯ್ತು ಬಿಡು ಅಂತ ನಕ್ಕಿತ್ತು ಆವಯ್ಯ," ಎಂದು ಹೇಳುವಾಗ ಮುನಿಶಾಮಮ್ಮನ ಮುಖದಲ್ಲಿ ಹದಿನೆಂಟರ ಹುಡುಗಿ ಒಂದು ಗಳಿಗೆ ಬಂದು ಹೋಗುತ್ತಾಳೆ.

ಹಲಗೆ ಇನ್ನೂ ಮೆದೆಯೊಳಗೆ ಮಲಗಿರುವಾಗಲೇ ಗಣಿಯಲ್ಲಿ ಬಂಡೆ ಸಿಡಿಯಿತು. ಚಿಕ್ಕಮುನಿಯಪ್ಪ ಬದುಕಿ ಬರಲಿಲ್ಲ.

ಸೂತಕ ಕಳೆಯುವ ದಿನ ಆ ಕಡೆಯ ಪದ್ಧತಿಯಂತೆ ಅಡುಗೆಯ ಮಡಕೆ ಕುಡಿಕೆಗಳನ್ನೆಲ್ಲ ಊರಾಚೆ ಇಟ್ಟು ಬರಬೇಕು. ಸತ್ತವನ ಕೈಯಿಂದ ಅಡುಗೆಮನೆಗೆಂದು ಆದದ್ದು ಮನೆಯಲ್ಲಿ ಉಳಿದರೆ ಇನ್ನೊಂದು ಜೀವ ಕರೆಯುತ್ತದೆ ಎಂದರು ಹಿರಿಯರು. ಹಲಗೆಯ ವಿಷಯ ಅವರಿಗೆ ಗೊತ್ತೇ ಇರಲಿಲ್ಲ. ಸುಮ್ಮನಿದ್ದಿದ್ದರೆ ಉಳಿಯುತ್ತಿತ್ತು. ಮುನಿಶಾಮಮ್ಮನೇ ಎದ್ದು ಹೋಗಿ ಮೆದೆ ಕೆದಕಿ, ಹಲಗೆ ತಂದು ಮಡಕೆಗಳ ಜೊತೆ ಇಟ್ಟಳು. "ಮಡ್ಲಲ್ಲಿ ಕೂಸಿತ್ತು. ಎದರ್ಕೊಂಡೆ. ಬೆಳಗಾಗಿ ಓಗಿ ನೋಡ್ತೀನಿ, ಮಡಕೆ ಎಲ್ಲ ಅಲ್ಲೇ ಐತೆ, ಅಲಗೆ ಇಲ್ಲ."

ಯಾರೋ ಸೌದೆಯವರು ಎತ್ತಿಕೊಂಡು ಹೋಗಿ ಬಂಗಲೆಗೆ ಮಾರಿದ್ದರು. ಹೊಟ್ಟೆಪಾಡಿಗೆಂದು ಉಳಿದ ಹುಣಸೆ ದಿಮ್ಮಿಯ ಹಲಗೆಗಳನ್ನು ಹೊತ್ತು ಮಾರಲು ಹೊರಟ ಮುನಿಶಾಮಮ್ಮ ಒಂದು ದಿನ ಮಾರಿಯಮ್ಮನ ಅಡುಗೆಮನೆಯಲ್ಲಿ ಆ ಮೂಲೆಯ ಹಳ್ಳವನ್ನು ಕಂಡಳು. ಹಲಗೆ ಮಗುಚಿ ನೋಡಿದಳು. ಒಂದು ಮಗ್ಗುಲಿಗೆ ಇನ್ನೂ ಕತ್ತಿ ತಾಗಿರಲಿಲ್ಲ. "ಈ ಮಗ್ಗುಲಲ್ಲಿ ಕುಯ್ಬೇಡ ಕಣೇ ಮಾರಿ. ವಾರವಾರ ಬಂದು ಕೆರೆದು ಎಣ್ಣೆ ಆಕ್ಕೊಡ್ತೀನಿ," ಎಂದಳು. ಮಾರಿಯಮ್ಮ ಏಕೆಂದು ಕೇಳದೆ ಒಪ್ಪಿದಳು. ಬಿಟ್ಟಿ ಕೆಲಸ ಯಾರು ಬೇಡವೆನ್ನುತ್ತಾರೆ?

ಅಂದಿನಿಂದ ಮುನಿಶಾಮಮ್ಮನಿಗಿರುವುದು ಒಂದೇ ಆಸೆ. ಆ ಹಲಗೆಯ ಮೇಲೆ ಒಮ್ಮೆ ಸೊಪ್ಪು ಹೆಚ್ಚಬೇಕು. ಗಂಡ ಮಾಡಿಕೊಟ್ಟದ್ದು ಅದಕ್ಕೇ. ಆದರೆ ಅದನ್ನು ಮನೆಗೆ ತರಲಾರಳು, ದೊರೆಯ ಬಂಗಲೆಯ ಅಡುಗೆಮನೆಯಲ್ಲಿ ಕತ್ತಿ ಹಿಡಿಯಲಾರಳು. ಮಡಿಲ ಕೂಸು ಈಗ ಮುಳಬಾಗಿಲಿನಲ್ಲಿ ಮಕ್ಕಳೊಂದಿಗಳು. ಆದರೂ ಅಂಜಿಕೆ ಹೋಗಿಲ್ಲ. "ಮೊದ್ಲು ಒಂದು ಜೀವಕ್ಕೆ ಎದರ್ತಿದ್ದೆ. ಈಗ ಮೊಮ್ಮಕ್ಕಳೂ ಸೇರವ್ರೆ," ಎನ್ನುತ್ತಾಳೆ.

ಹೋದ ವಾರ ಮಾರಿಯಮ್ಮ ಸುದ್ದಿ ಹೇಳಿದಳು. ದೊರೆಗೆ ಗಣಿಯ ಕೆಲಸ ಮುಗಿಯಿತು, ದೊರೆಸಾನಿಯೊಡನೆ ಸೀಮೆಗೆ ಹೊರಟಿದ್ದಾರೆ, ಮನೆಯ ಸಾಮಾನು ಹರಾಜು. ಆಗ ಮುನಿಶಾಮಮ್ಮ ಬಾಯಿಬಿಟ್ಟು ಎಲ್ಲವನ್ನೂ ಹೇಳಿಕೊಂಡಳು. ಕೇಳಿದರೆ ದೊರೆಸಾನಿ ಕೊಟ್ಟುಬಿಡುತ್ತಾಳೆ ಎಂದು ಮಾರಿಯಮ್ಮ ಎಷ್ಟು ಹೇಳಿದರೂ, "ಕೊಟ್ರೆ ಎಲ್ಲಿಗೆ ತಕ್ಕೊಂಡೋಗ್ಲೆ?" ಎಂದು ಎದ್ದು ಬಂದಳು.

ಇವತ್ತು ಕೋರಮಂಡಲ್ ಸ್ಟೇಷನ್ನಿನಲ್ಲಿ ಇಳಿದವಳು ಬೇರೆ ಮನೆಗಳನ್ನು ಬಿಟ್ಟು ನೇರ ಆ ಬಂಗಲೆಗೇ ನಡೆಯುತ್ತಾಳೆ. ಬಾಗಿಲಿಗೆ ಬೀಗ. ಕಿಟಕಿಯಲ್ಲಿ ಇಣುಕಿದರೆ ಅಡುಗೆಮನೆ ಬರಿದು, ಹಲಗೆ ಒರಗುತ್ತಿದ್ದ ಗೋಡೆಯಲ್ಲಿ ಎಣ್ಣೆಯ ಕಲೆಯೊಂದೇ ಉಳಿದಿದೆ. ತಲೆಯ ಗಂಟನ್ನು ಇಳಿಸಿ ಮೆಟ್ಟಿಲಲ್ಲಿ ಕುಸಿಯುತ್ತಾಳೆ. ಸೀನಪ್ಪನ ಬಾಯಿ ಮುಚ್ಚಿಸಿದ ಹೆಂಗಸು ಇವಳೇನಾ ಅನ್ನಿಸುತ್ತದೆ. "ಎಲ್ಡನೇ ಸಲ ಕಳ್ಕೊಂಡೆ," ಎಂದು ತನಗೆ ತಾನೇ ಹೇಳಿಕೊಳ್ಳುತ್ತಾಳೆ.

"ಅಕ್ಕಾ! ಅಂಗೆ ಏನು ಕುಂತ್ಕೊಂಡೆ, ಇಂಗೆ ವಾ!" ಬೇಲಿಯಾಚೆಯಿಂದ ಮಾರಿಯಮ್ಮ ತಮಿಳು ಬೆರೆಸಿ, ಕೈಬೀಸಿ ಕರೆಯುತ್ತಿದ್ದಾಳೆ.

ಮಾರಿಯಮ್ಮನ ಮನೆ ಚಿನ್ನ ತೆಗೆದ ಮಣ್ಣು ಸುರಿದ ಸಯನೈಡ್ ದಿಬ್ಬದ ಕೆಳಗಿನ ಕೂಲಿ ಲೈನಿನಲ್ಲಿ, ಬಿದಿರು ತಟ್ಟಿಯ ಒಂದು ಕೋಣೆ. ಒಲೆಯ ಪಕ್ಕ, ನೆರಳಲ್ಲಿ, ಗೋಡೆಗೆ ಒರಗಿ ನಿಂತಿದೆ ಹಲಗೆ. "ಏನ್ ಬೇಕೋ ಕೇಳು, ಕುರ್ಚಿ ತಗೋ, ಕನ್ನಡಿ ತಗೋ ಅಂದ್ರು ದೊರೆಸಾನಿ. ಕುರ್ಚಿ ಇಟ್ರೆ ನಾನೆಲ್ಲಿ ಮಲ್ಗೋದು? ಹಲಗೆ ಪೋದುಂ, ಅಷ್ಟೇ ಸಾಕು ಅಂದೆ. ಇದು ನನ್ ಮನೆ ಅಕ್ಕಾ, ನಿನ್ ಮನೆ ಇಲ್ಲ. ನಿನ್ ಸೂತಕ ಇಲ್ಲಿಗೆ ಬರಲ್ಲ."

ಜಾತಿ ಬೇರೆಯೆಂದು ಮಾರಿಯಮ್ಮನ ಮನೆಯಲ್ಲಿ ಮುನಿಶಾಮಮ್ಮನ ಊರಿನವರು ನೀರೂ ಮುಟ್ಟುವುದಿಲ್ಲ. ಅದನ್ನು ನೆನಪಿಸಿದರೆ ಮುನಿಶಾಮಮ್ಮನದು ಒಂದೇ ಮಾತು: "ಮುಟ್ದಿದ್ರೆ ಬುಡ್ಲಿ. ಅವ್ರಿಗ್ಯಾರು ಅಲಗೆ ಮಾಡಿಕೊಟ್ಟವ್ರೆ?"

ಮಾರಿಯಮ್ಮ ಒಂದು ಕಟ್ಟು ಕೀರೆಸೊಪ್ಪು ತೊಳೆದು ತರುತ್ತಾಳೆ. ಹಲಗೆಯನ್ನು ಮಗುಚಿ, ಕತ್ತಿ ತಾಗದ ಮಗ್ಗುಲನ್ನು ಮೇಲೆ ಮಾಡಿ ಇಡುತ್ತಾಳೆ. ಇಷ್ಟು ವರ್ಷ ಎಣ್ಣೆ ಕುಡಿದ ಹುಣಸೆ ಹಳೇ ಬೆಲ್ಲದ ಬಣ್ಣಕ್ಕೆ ತಿರುಗಿದೆ. ಮುನಿಶಾಮಮ್ಮ ಮೂಲೆಯ ಹಳ್ಳದಲ್ಲಿ ಹೆಬ್ಬೆರಳು ಇಡುತ್ತಾಳೆ. ಆಮೇಲೆ ಸೊಪ್ಪಿನ ಕಟ್ಟನ್ನು ಒತ್ತಿ ಹಿಡಿದು ಕತ್ತಿ ಇಳಿಸುತ್ತಾಳೆ. ಸದ್ದು ತುಂಬಿಕೊಂಡು ಬರುತ್ತದೆ.

ಸೊಪ್ಪು ಸರಿಸಿ ಮಾರಿಯಮ್ಮ ಬಗ್ಗಿ ನೋಡುತ್ತಾಳೆ. ಅವಳ ಮುಖ ಸಣ್ಣಗಾಗುತ್ತದೆ. "ಅಯ್ಯೋ ಅಕ್ಕಾ, ಗೀರು ಬಿತ್ತಲ್ಲ."

"ಬೀಳ್ಲಿ ಬುಡೇ," ಎನ್ನುತ್ತಾಳೆ ಮುನಿಶಾಮಮ್ಮ, ಇನ್ನೊಂದು ಹಿಡಿ ಸೊಪ್ಪು ಎಳೆದುಕೊಳ್ಳುತ್ತಾ. "ಬೀಳ್ಲಿ ಅಂತ್ಲೇ ಅಲ್ವಾ ಆವಯ್ಯ ಮಾಡಿದ್ದು."