ವಿಮಾನದ ದಿಬ್ಬದ ಮೇಲೆ ಧಣಿಯ ದನ

ನಮ್ಮೂರಿನಲ್ಲಿ ವಿಮಾನ ಇಳಿಯಲೆಂದು ಮಣ್ಣು ಏರಿಸಿ ದಿಬ್ಬ ಕಟ್ಟಿದ್ದು ನಾವು. ಪೆತ್ರೋನಾ ಮುಯ್ಬಾ ಬಸುರಿಯಾಗಿದ್ದಾಗಲೂ ಅದಕ್ಕೆ ಮಣ್ಣು ಹೊತ್ತವಳು. ಧಣಿ ದೋನ್ ಎದಿಲ್ ಒಂದು ಬುಟ್ಟಿ ಮಣ್ಣೂ ಹಾಕಲಿಲ್ಲ. ಆದರೆ ಮಳೆಗಾಲದಲ್ಲಿ ನಮ್ಮ ಬೇನಿ ಸೀಮೆಯ ಬಯಲೆಲ್ಲ ನೀರಾದಾಗ, ಆ ಒಣ ದಿಬ್ಬದ ಮೇಲೆ ಹಾಯಾಗಿ ಮಲಗಿ ಮೆಲುಕು ಹಾಕುವುದು ಅವನ ದನಗಳೇ. ಅವನ್ನು ಎಬ್ಬಿಸಲು ನಾವು ಅವನ ಅಪ್ಪಣೆ ಕೇಳಬೇಕು. ಹೇಗಿದೆ ನ್ಯಾಯ!

ಆ ದಿಬ್ಬಕ್ಕೆ ಇಳಿಯುವವನು ಕ್ಯಾಪ್ಟನ್ ರೆನಾಟೊ. ಪಟ್ಟಣದಲ್ಲಿ ಅವನದು ಮೊಳೆ, ಬಣ್ಣ ಮಾರುವ ಅಂಗಡಿ, ಜೊತೆಗೊಂದು ಹಳೆಯ ಪುಟ್ಟ ವಿಮಾನ. ಬೊಲಿವಿಯಾದ ನಕ್ಷೆಯಲ್ಲಿ ನಮ್ಮೂರು ಇದೆಯೋ ಇಲ್ಲವೋ, ಅವನ ತಲೆಯಲ್ಲಿದೆ. ಮಗುವಿಗೆ ಕಾಯಿಲೆಯೆಂದು ನಮ್ಮೂರ ವೈರ್‌ಲೆಸ್ ರೇಡಿಯೋದಲ್ಲಿ ಕೂಗಿದರೆ ಅಂಗಡಿ ಬಾಗಿಲೆಳೆದು ಹೊರಡುತ್ತಾನೆ. ಕಾಸು ಮುಟ್ಟುವುದಿಲ್ಲ. ಬಾಳೆಗೊನೆ ಕೊಟ್ಟರೆ ಮಾತ್ರ ಬೇಡವೆನ್ನುವುದಿಲ್ಲ.

ಪೆತ್ರೋನಾಳ ಹರೆಯವೆಲ್ಲ ಧಣಿಯ ಅಡುಗೆಮನೆಯಲ್ಲಿ ಅಕ್ಕಿ, ಒಣಮಾಂಸ ಬೇಯಿಸುವುದರಲ್ಲೇ ಕಳೆಯಿತು. ಮಗಳು ಹೆರಿಗೆಯಲ್ಲಿ ಹೋದಳು. ಉಳಿದವನು ಮೊಮ್ಮಗ ಅಬೆಲಿನೊ. ಹೋದ ಮಳೆಗಾಲದಲ್ಲಿ ಅವನಿಗೆ ಎದೆಯಲ್ಲಿ ಕಫ ಕಟ್ಟಿ ಉಸಿರಾಡುವುದೇ ಕಷ್ಟವಾಯಿತು. ವಿಮಾನ ಬರುತ್ತದೆಂದು ತಿಳಿದೊಡನೆ ಪೆತ್ರೋನಾ ಧಣಿಯ ಮನೆಗೆ ಓಡಿದಳು. ಧಣಿ ಉಂಡು ಮಲಗಿದ್ದ.

"ಎದ್ಮೇಲೆ ಕೇಳ್ತೀನಿ, ಇಲ್ಲೇ ಕೂತಿರು," ಅಂದ ಧಣಿಯ ಮೇಸ್ತ್ರಿ ಸೆಲ್ಸೊ.

ಅವಳು ಕೂತಳು. ಹುಟ್ಟಿದಾಗಿನಿಂದ ನಮಗೆ ಕಲಿಸಿರುವುದೇ ಅದು ತಾನೇ! ರೆನಾಟೊ ದನಗಳ ಮೇಲೆ ಸುತ್ತು ಹಾಕಿದ, ಮತ್ತೆ ಹಾಕಿದ. ಇನ್ನೂ ಸುತ್ತಿದರೆ ವಾಪಸು ಹೋಗಲು ಪೆಟ್ರೋಲು ಸಾಲದೆಂದು ಕೊನೆಗೆ ತಿರುಗಿ ಹೋದ. ಅಬೆಲಿನೊ ಮಾರನೆಯ ದಿನ ತೀರಿಕೊಂಡ.

ಧಣಿ ಸಾವಿನ ಮನೆಗೆ ಒಂದು ದನದ ತೊಡೆ ಕಳಿಸಿದ. ಅಬೆಲಿನೊಗೆ ದೇವರೆದುರು ತಂದೆಯಾಗಿ ನಿಂತ ಜ್ಞಾನತಂದೆಯೂ ಅವನೇ ಬೇರೆ. ನಮ್ಮೂರಿನ ಮಕ್ಕಳಿಗೆಲ್ಲ ಅವನೇ. ಹೆಸರಿಡುವ ಜ್ಞಾನಸ್ನಾನದ ದಿನ ಮಗುವನ್ನು ಎತ್ತಿ ಹಿಡಿಯುತ್ತಾನೆ, ಮುಂದೆ ತನಗೊಬ್ಬ ಆಳಾದ ಅಂತ. "ಎಂಥಾ ದೊಡ್ಡ ಮನಸ್ಸಪ್ಪಾ!" ಎನ್ನುತ್ತ ಜನ ಮಾಂಸ ಹಂಚಿಕೊಂಡರು. ಪೆತ್ರೋನಾ ಮುಟ್ಟಲಿಲ್ಲ. ನೆನೆದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ.

ಈ ಮಳೆಗಾಲ ಪಕ್ಕದ ಮನೆಯ ರೊಸೆಂಡಾಳ ಮಗಳು ದೆಲ್ಸಿಗೆ ಹಾವು ಕಚ್ಚಿತು. ಪಾದದಿಂದ ಮೊಣಕಾಲಿನವರೆಗೂ ಊದಿ ಕಪ್ಪಾಯಿತು. ರೆನಾಟೊ ಹೊರಟಿದ್ದಾನೆಂದು ರೇಡಿಯೋ ಹೇಳಿತು. ದಿಬ್ಬದ ತುಂಬ ದನ. ಧಣಿಯ ಮನೆಯತ್ತ ಹೊರಟ ರೊಸೆಂಡಾಳನ್ನು ಪೆತ್ರೋನಾ ರಟ್ಟೆ ಹಿಡಿದು ನಿಲ್ಲಿಸಿದಳು.

"ಎಲ್ಲಿಗೇ?"

"ಧಣೀರನ್ನ ಒಂದ್ಮಾತು ಕೇಳ್ಕೊಂಡು ಬರ್ತೀನಕ್ಕಾ."

"ಕೇಳಿ ನಾನು ಕೆಟ್ಟಿದ್ದು ಸಾಲ್ದಾ? ಹೋಗು, ಮಗು ಹತ್ರ ಕೂತ್ಕೋ!"

ಒಣ ತಾಳೆಗರಿಗೆ ಒಲೆಯ ಬೆಂಕಿ ಹಚ್ಚಿಕೊಂಡು ಅವಳು ದಿಬ್ಬಕ್ಕೆ ನುಗ್ಗಿದಳು. ಬೈಗುಳ ದನಕ್ಕೋ ಧಣಿಗೋ, ದೇವರಿಗೇ ಗೊತ್ತು. ದನಗಳು ದಡಬಡನೆ ಎದ್ದು ನೀರಿಗೆ ಬಿದ್ದವು. ಎರಡು ಕರು ಸೆಳವಿಗೆ ಸಿಕ್ಕಿ ಹೋದವು. ರೆನಾಟೊ ಕೆಸರೆರಚುತ್ತ ಇಳಿದು, ತಾಯಿ ಮಗಳನ್ನು ಹತ್ತಿಸಿಕೊಂಡು ಹಾರಿದ. ಸಂಜೆ ರೇಡಿಯೋದಲ್ಲಿ ಅವನೇ ಮಾತಾಡಿದ: ಔಷಧಿ ಕೊಟ್ಟಿದ್ದಾರೆ, ಹುಡುಗಿ ಉಳೀತಾಳೆ.

ಆ ಸಂಭ್ರಮದ ನಡುವೆಯೇ ಧಣಿ ಕುದುರೆ ಮೇಲೆ ಬಂದ, ಹಿಂದೆ ಸೆಲ್ಸೊ. ನಮ್ಮೂರ ಗಂಡಸರು ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತರು. ಥೂ!

"ಯಾರನ್ನ ಕೇಳಿ ನನ್ನ ದನ ಎಬ್ಬಿಸಿದೆ ಪೆತ್ರೋನಾ? ಎರಡು ಕರು ಹೋಗಿವೆ. ಯಾರು ತುಂಬಿಕೊಡೋರು?"

"ತುಂಬಿಕೊಡೋಣ ಧಣಿ. ಮೊದ್ಲು ನಂದೊಂದು ಮಾತು. ಹೋದ್ವರ್ಷ ಸತ್ತನಲ್ಲಾ ನನ್ನ ಮೊಮ್ಮಗ, ನೀವೇ ಎತ್ತಿ ಹಿಡಿದು ಹೆಸರಿಟ್ಟಿದ್ದು. ಏನು ಅವನ ಹೆಸರು?"

ಧಣಿ ಸೆಲ್ಸೊನತ್ತ ನೋಡಿದ. ಅವನಿಗೂ ಗೊತ್ತಿರಲಿಲ್ಲ.

"ಅದೇ... ಆ ಹುಡುಗ..."

ಹಿಂದಿನಿಂದ ಯಾರೋ ಹೇಳಲು ಬಾಯಿ ತೆರೆದರು.

"ಯಾರೂ ಹೇಳ್ಕೊಡಬೇಡಿ!" ಪೆತ್ರೋನಾ ಗದರಿದಳು. ಆಮೇಲೆ ಧಣಿಗೆ ಹೇಳಿದಳು: "ಮನೆಗೆ ಹೋಗಿ ನೆನಪು ಮಾಡ್ಕೊಂಡು ಬನ್ನಿ. ಕರು ವಿಷಯ ಅವತ್ತು ಮಾತಾಡೋಣ."