ರಂಗಧಾಮರಿಗೆ ಒಪ್ಪದ ಕಡಲಮನೆ

ಟೋಕಿಯೋದ ಕೋಟೋ ಬಡಾವಣೆಯಲ್ಲಿ ಇಪ್ಪತ್ತೆರಡನೇ ಮಹಡಿಯ ಬಾಡಿಗೆ ಮನೆಯಲ್ಲಿ ಕೂತು ರಂಗಧಾಮರು ಆರು ವರ್ಷಗಳಿಂದ ಇಟಲಿಯ ಸಿಸಿಲಿಯಲ್ಲಿ, ಕಡಲತೀರದ ಊರೊಂದರಲ್ಲಿ, ಮನೆ ಕೊಳ್ಳುತ್ತಲೇ ಇದ್ದಾರೆ. ಪ್ರತಿ ಶನಿವಾರ ಸಂಜೆ ಮೇಲೆ ಇಸ್ತ್ರಿ ಮಾಡಿದ ಶರ್ಟು, ಕೆಳಗೆ ಪಂಚೆ ತೊಟ್ಟು ವಿಡಿಯೋ ಕರೆಗೆ ಸಿದ್ಧರಾಗುತ್ತಾರೆ. ಅಲ್ಲಿನ ದಲ್ಲಾಳಿ ರೋಸಾಲಿಯಾ ನೀಲಿ ಸಮುದ್ರ ತೋರಿಸಿದರೆ ಇವರು ಮೊದಲು ದಿಕ್ಸೂಚಿ ತೋರಿಸಲು ಹೇಳುತ್ತಾರೆ. ಆಮೇಲೆ ಹೆಂಡತಿಯ ಕಡೆ ತಿರುಗಿ, "ನೋಡೇ ಕಮಲಾಕ್ಷಿ, ನೈಋತ್ಯದಲ್ಲಿ ಸಮುದ್ರ ಇಟ್ಕೊಂಡಿದಾರೆ! ಯಾರಾದ್ರೂ ಇಡ್ತಾರಾ?" ಎಂದು ಸಿಸಿಲಿಯನ್ನೇ ಗದರುತ್ತಾರೆ. ಹೀಗೆ ನಲವತ್ತು ಮನೆಗಳು ವಾಸ್ತುವಿನಲ್ಲಿ ಮುಳುಗಿಹೋದವು. ಕಳೆದ ಶನಿವಾರ ಈಶಾನ್ಯಕ್ಕೆ ಸಮುದ್ರ, ಪೂರ್ವಕ್ಕೆ ಬಾಗಿಲು, ಆಗ್ನೇಯಕ್ಕೆ ಒಲೆ ಇರುವ ಮನೆಯೇ ಸಿಕ್ಕಿಬಿಟ್ಟಿತು. ಇವತ್ತೇ ಹೂಂ ಅನ್ನಬೇಕು ಎಂದಳು ರೋಸಾಲಿಯಾ. "ಜಸ್ಟ್ ಬೈ ಇಟ್, ಅಪ್ಪಾ!" ಎಂದಳು ಮಗಳು ಲಾಸ್ಯಾ. ರಂಗಧಾಮರು ದಿಕ್ಸೂಚಿಯನ್ನು ಇನ್ನೊಮ್ಮೆ ತೋರಿಸಲು ಹೇಳಿದರು; ಎಲ್ಲ ಸರಿಯಾಗೇ ಇತ್ತು. ಕೊನೆಗೆ, ಬಚ್ಚಲಿನ ಟೈಲ್ಸ್ ಬಣ್ಣ ಹಿಡಿಸಲಿಲ್ಲ, ಈ ಮನೆ ಬೇಡ ಎಂದರು. ರೋಸಾಲಿಯಾ ಪಾಪ, ಕ್ಷಮೆ ಕೇಳಿದಳು. ಮಗಳು ಬಿದ್ದು ಬಿದ್ದು ನಕ್ಕಳು, ಕಮಲಾಕ್ಷಿ ನಗಲಿಲ್ಲ. ಟೋಕಿಯೋಗೆ ಬಂದ ವರ್ಷ, ವಿದೇಶಿಯರಿಗೆ ಬಾಡಿಗೆಗೆ ಕೊಡುವುದಿಲ್ಲವೆಂದು ಒಂಬತ್ತು ಮನೆಯವರು ಹೇಳಿದ್ದರು. ಒಂಬತ್ತು ಸಲವೂ ಗಂಡನೇ ಸೊಂಟ ಬಗ್ಗಿಸಿ, ತಪ್ಪು ತಮ್ಮದೇ ಎಂಬಂತೆ "ಸುಮಿಮಾಸೆನ್" ಎಂದು ಕ್ಷಮೆ ಕೇಳಿ ಹೊರಬಂದದ್ದನ್ನು ಆಕೆ ಪಕ್ಕದಲ್ಲೇ ನಿಂತು ನೋಡಿದ್ದಳು. ಈಗ ಕಾಫಿ ಲೋಟ ಗಂಡನ ಮುಂದಿಟ್ಟು ಮೆಲ್ಲಗೆ ಹೇಳಿದಳು: "ಸರಿಯಾಗೇ ಹೇಳಿದ್ರಿ. ಮುಂದಿನ ವಾರದ ಮನೇನೂ ಬೇಡ ಅಂದ್ಬಿಡಿ."